ಗೌರಿ ಹೂವಿನ ಬಳ್ಳಿ: ಮೊಳೆಯದಿದ್ದರೆ, ಹೂ ಬಿಡದಿದ್ದರೆ, ಇದ್ದಕ್ಕಿದ್ದಂತೆ ಒಣಗಿದರೆ

ಗೌರಿ ಹೂವಿನ ಬಳ್ಳಿ ಹಳದಿಯಾಯಿತು ಎಂದು ಯಾರಾದರೂ ಹೇಳಿದರೆ ಮೊದಲು ಕೇಳಬೇಕಾದದ್ದು ಈಗ ಯಾವ ತಿಂಗಳು ಎಂದು. ಗೊಬ್ಬರ, ಔಷಧಿಯ ಮಾತೆಲ್ಲ ಆಮೇಲೆ. ಮುಂಗಾರಿಗೆ ಮೊಳೆತು, ಮಳೆಗಾಲದ ನಡುವೆ ಹೂ ಬಿಟ್ಟು, ಚಳಿ ಶುರುವಾಗುವ ಹೊತ್ತಿಗೆ ಬುಡದವರೆಗೂ ಒಣಗಿ ಮಾಯವಾಗುವುದು ಈ ಗಿಡದ ಹುಟ್ಟುಗುಣ. ನವೆಂಬರಿನಲ್ಲಿ ಹಳದಿಯಾದ ಬಳ್ಳಿಗೆ ಯಾವ ರೋಗವೂ ಇರಬೇಕಾಗಿಲ್ಲ. ಅದೇ ಹಳದಿ ಜುಲೈನಲ್ಲಿ ಕಂಡರೆ ಮಾತ್ರ ಗಡ್ಡೆಯ ಕಡೆ ನೋಡಬೇಕು.

ಅಗ್ನಿಶಿಖೆ, ಲಾಂಗುಲಿ ಎಂದೂ ಕರೆಸಿಕೊಳ್ಳುವ ಗ್ಲೋರಿಯೋಸಾ ಸುಪರ್ಬಾ ಆಫ್ರಿಕಾ ಮತ್ತು ಏಷ್ಯಾದ ಉಷ್ಣವಲಯದ ಕುರುಚಲು ಕಾಡು, ಹುಲ್ಲುಗಾವಲಿನ ಅಂಚು, ಬೇಲಿಸಾಲುಗಳ ಗಿಡ. ವರ್ಷದಲ್ಲಿ ಐದಾರು ತಿಂಗಳು ನೆಲದ ಮೇಲೆ, ಉಳಿದಷ್ಟು ಕಾಲ ನೆಲದೊಳಗೆ. ಮೇಲಿನ ಬಳ್ಳಿ ಪ್ರತಿ ವರ್ಷ ಹೊಸದು, ಕೆಳಗಿನ ಗಡ್ಡೆಯೂ ಹೊಸದೇ: ನೆಟ್ಟ ಗಡ್ಡೆ ತನ್ನಲ್ಲಿದ್ದದ್ದನ್ನೆಲ್ಲ ಕುಡಿಗೆ ಕೊಟ್ಟು ಸುಕ್ಕಿಹೋಗುತ್ತದೆ, ಕಾಂಡದ ಬುಡದಲ್ಲಿ ಮುಂದಿನ ವರ್ಷದ ಗಡ್ಡೆ ಕಟ್ಟಿಕೊಳ್ಳುತ್ತದೆ. ಹಾಗಾಗಿ ಈ ವರ್ಷ ಕಾಣುವ ಅರ್ಧಕ್ಕರ್ಧ ತೊಂದರೆಗೆ ಕಾರಣ ಹೋದ ವರ್ಷದ ಆರೈಕೆ. ಎಲೆಗೆ ಸಿಂಪಡಿಸುವ ಬಾಟಲಿ ಕೈಗೆತ್ತಿಕೊಳ್ಳುವ ಮುನ್ನ ಇದು ನೆನಪಿರಲಿ.

ಮುಟ್ಟುವ ಮುನ್ನ

ಗಿಡದ ಎಲ್ಲ ಭಾಗದಲ್ಲೂ ಕಾಲ್ಚಿಸಿನ್ ಎಂಬ ವಿಷವಿದೆ. ಗಡ್ಡೆಯಲ್ಲೂ ಬೀಜದಲ್ಲೂ ಹೆಚ್ಚು. ಬೇಯಿಸಿದರೆ ಅದು ಹೋಗುವುದಿಲ್ಲ. ಗಡ್ಡೆ ನೋಡಲು ಗೆಣಸಿನಂತಿರುವುದರಿಂದ ಅಡುಗೆಮನೆಯ ಹತ್ತಿರ, ಬೇರೆ ಗೆಡ್ಡೆಗೆಣಸಿನ ಜೊತೆ ಇಡಲೇಬಾರದು. ಕೈಗವಸು ಹಾಕಿಕೊಳ್ಳಿ, ಕತ್ತರಿಸಲು ಬೇರೆಯದೇ ಚಾಕು ಇಟ್ಟುಕೊಳ್ಳಿ, ಅಗೆದ ಕಸವನ್ನು ದನಕರು ಬಾಯಿ ಹಾಕುವ ಕಡೆ ಬಿಸಾಡಬೇಡಿ. ಯಾರಾದರೂ ತಿಂದಿದ್ದಾರೆಂಬ ಅನುಮಾನ ಬಂದರೂ ವಾಂತಿ ಭೇದಿ ಶುರುವಾಗಲಿ ಎಂದು ಕಾಯುವಂತಿಲ್ಲ. ಲಕ್ಷಣ ಕಾಣಲು ಕೆಲವು ಗಂಟೆ ಹಿಡಿಯುತ್ತದೆ, ಅಷ್ಟರಲ್ಲಿ ವಿಷ ಒಳಗೆ ಕೆಲಸ ಶುರುಮಾಡಿರುತ್ತದೆ. ಉಳಿದ ಗಡ್ಡೆಯ ತುಂಡನ್ನೂ ಹಿಡಿದುಕೊಂಡು ನೇರ ಆಸ್ಪತ್ರೆಗೆ ಹೋಗಬೇಕು.

ಗಡ್ಡೆ ನೆಟ್ಟು ತಿಂಗಳಾಯಿತು, ಏನೂ ಬಂದಿಲ್ಲ

ಎಚ್ಚರವಾಗಿರುವ ಗಡ್ಡೆ ಬೆಚ್ಚಗಿನ ಒದ್ದೆ ಮಣ್ಣಿನಲ್ಲಿ ಎರಡರಿಂದ ನಾಲ್ಕು ವಾರದಲ್ಲಿ ಮೊಳೆಯುತ್ತದೆ. ಆರು ವಾರ ಕಳೆದರೂ ಸುಳಿವಿಲ್ಲದಿದ್ದರೆ ಬೆರಳಿನಿಂದ ಮೆಲ್ಲಗೆ ಮಣ್ಣು ಸರಿಸಿ ನೋಡಿ. ಸಲಾಕೆ, ಕಳೆ ಕೀಳುವ ಕುರ್ಚಿಗೆ ಬೇಡ, ಏಕೆಂದರೆ ಈ ಗಡ್ಡೆಯ ದೊಡ್ಡ ದೌರ್ಬಲ್ಯ ಅದರ ತುದಿಯಲ್ಲಿದೆ.

ಆಲೂಗಡ್ಡೆಗೆ ಮೈತುಂಬ ಕಣ್ಣುಗಳಿರುತ್ತವೆ. ಗೌರಿ ಹೂವಿನ ಗಡ್ಡೆಗೆ ಹಾಗಿಲ್ಲ. ಅದು ಬೆರಳು ದಪ್ಪದ, ಇಂಗ್ಲಿಷಿನ ವಿ ಅಥವಾ ಎಲ್ ಅಕ್ಷರದ ಆಕಾರದ ಎರಡು ತೋಳುಗಳ ಗಡ್ಡೆ. ತೋಳುಗಳು ಕೂಡುವ ಮೂಲೆಯಲ್ಲಿ ಹಳೆಯ ಕಾಂಡ ಕಳಚಿದ ಗುಂಡು ಗಾಯ ಇರುತ್ತದೆ. ಮೊಳಕೆ ಅಲ್ಲಿಂದ ಬರುವುದಿಲ್ಲ, ತೋಳಿನ ಹೊರತುದಿಯಿಂದ ಬರುತ್ತದೆ. ಬೆಳಕಿಗೆ ಹಿಡಿದು ನೋಡಿದರೆ ಕಂದು ಸಿಪ್ಪೆಯ ತುದಿಯಲ್ಲಿ ಬಿಳಿಚಿದ ಒಂದು ಸಣ್ಣ ಮೊನೆ ಕಾಣುತ್ತದೆ. ಆ ಮೊನೆ ಮುರಿದರೆ ಅಥವಾ ಉಜ್ಜಿಹೋದರೆ ಆ ತೋಳಿನ ಕತೆ ಅಲ್ಲಿಗೆ ಮುಗಿಯಿತು. ಗಡ್ಡೆ ತಿಂಗಳುಗಟ್ಟಲೆ ಗಟ್ಟಿಯಾಗಿಯೇ ಇದ್ದು ಆಸೆ ಹುಟ್ಟಿಸಬಹುದು, ಮೊಳೆಯುವುದಿಲ್ಲ. ಅಂಚೆಯಲ್ಲಿ ತರಿಸಿದ ಗಡ್ಡೆಗಳು ಹುಸಿಯಾಗುವುದು ಹೆಚ್ಚಾಗಿ ಇದೇ ಕಾರಣಕ್ಕೆ. ಕೈಗೆ ಬಂದ ದಿನವೇ ಎರಡೂ ತುದಿ ಪರೀಕ್ಷಿಸಿ, ಮೊನೆ ಇಲ್ಲದಿದ್ದರೆ ವಾಪಸು ಕಳಿಸಿ.

ಮಣ್ಣು ಸರಿಸಿದಾಗ ಕಾಣುವುದನ್ನು ಹೀಗೆ ಓದಿಕೊಳ್ಳಬಹುದು:

ಗಡ್ಡೆ ಗಟ್ಟಿ, ಮೊನೆ ಸರಿಯಾಗಿದೆ, ಬೇರೂ ಇಲ್ಲ ಕುಡಿಯೂ ಇಲ್ಲ: ಇನ್ನೂ ನಿದ್ದೆಯಲ್ಲಿದೆ. ಒಣಗಿದ ಬಳ್ಳಿಯ ಗಡ್ಡೆಗೆ ಎರಡು ಮೂರು ತಿಂಗಳ ವಿಶ್ರಾಂತಿ ಬೇಕೇಬೇಕು. ಡಿಸೆಂಬರಿನಲ್ಲಿ ಕಿತ್ತದ್ದನ್ನು ಜನವರಿಯಲ್ಲಿ ನೆಟ್ಟು ನೀರು ಹಾಕಿದರೆ ಅದು ಏಳುವುದಕ್ಕಿಂತ ಕೊಳೆಯುವ ಸಂಭವವೇ ಜಾಸ್ತಿ. ನೀರು ನಿಲ್ಲಿಸಿ, ಕುಂಡವನ್ನು ಮಳೆ ಬೀಳದ ಬೆಚ್ಚಗಿನ ಜಾಗಕ್ಕೆ ಸರಿಸಿ, ಮೇ ತಿಂಗಳವರೆಗೆ ಮರೆತುಬಿಡಿ.

ಗಡ್ಡೆ ಗಟ್ಟಿ, ಮೊನೆ ಮುರಿದಿದೆ: ಇನ್ನೊಂದು ತೋಳಿನ ಮೊನೆ ನೋಡಿ. ಅದು ಸರಿಯಿದ್ದರೆ ಹಾಗೇ ಮುಚ್ಚಿ. ಎರಡೂ ಹೋಗಿದ್ದರೆ ಕಿತ್ತು ಹಾಕಿ.

ಮೆತ್ತಗಾಗಿದೆ, ಒತ್ತಿದರೆ ನೀರು ಬರುತ್ತದೆ, ನಾತ ಇದೆ: ಕೊಳೆತಿದೆ. ಒಂದು ತೋಳು ಮಾತ್ರ ಕೊಳೆತಿದ್ದರೆ ಚೆನ್ನಾಗಿರುವ ಬಿಳಿ ಭಾಗ ಸಿಗುವವರೆಗೆ ಕತ್ತರಿಸಿ. ಅದನ್ನು ಲೀಟರಿಗೆ 1 ಗ್ರಾಂ ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕ ಕದಡಿದ ನೀರಿನಲ್ಲಿ ಅರ್ಧ ಗಂಟೆ ಅದ್ದಿ, ನೆರಳಿನಲ್ಲಿ ಎರಡು ಮೂರು ದಿನ ಒಣಗಿಸಿ ಹೊಸ ಮಣ್ಣಿಗೆ ನೆಡಿ. ಹಳೆಯ ಮಣ್ಣನ್ನು ಮತ್ತೆ ಬಳಸಬೇಡಿ.

ಸುಕ್ಕುಗಟ್ಟಿ ಹಗುರವಾಗಿದೆ, ಬಗ್ಗಿಸಿದರೆ ತೊಗಲಿನಂತೆ ಬಾಗುತ್ತದೆ: ಸಂಗ್ರಹದಲ್ಲೇ ಒಣಗಿದೆ. ಸ್ವಲ್ಪ ಸುಕ್ಕಿದ್ದರೆ ಪರವಾಗಿಲ್ಲ, ಒದ್ದೆ ಮರಳಿನಲ್ಲಿಟ್ಟರೆ ಚೇತರಿಸಿಕೊಳ್ಳಬಹುದು. ಮುರಿದಾಗ ಒಳಗೆ ಬಿಳಿ ಬದಲು ಕಂದು ಪುಡಿ ಕಂಡರೆ ಅದು ಸತ್ತಂತೆಯೇ.

ಕುಡಿ ಇದೆ, ಮೇಲೆ ಬಂದಿಲ್ಲ: ಆಳ ಹೆಚ್ಚಾಗಿದೆ ಅಥವಾ ಮೇಲ್ಮಣ್ಣು ಹೆಪ್ಪುಗಟ್ಟಿದೆ. ನೆಡುವ ಆಳ 6–8 ಸೆಂಟಿಮೀಟರ್ ಸಾಕು. ಗಡ್ಡೆಯನ್ನು ನಿಲ್ಲಿಸದೆ ಅಡ್ಡಲಾಗಿ ಮಲಗಿಸಬೇಕು.

ಕುಂಡದಲ್ಲಿ ನೆಡುವವರು ಸಾಮಾನ್ಯವಾಗಿ ಗಡ್ಡೆಯ ಮಧ್ಯಭಾಗವನ್ನು ಕುಂಡದ ಮಧ್ಯಕ್ಕೆ ಇಡುತ್ತಾರೆ. ಆಗ ಮೊನೆ ಗೋಡೆಗೆ ತಾಗಿ ಕುಡಿ ಅಂಚಿನಿಂದ ಹೊರಡುತ್ತದೆ. ಅಲ್ಲೇ ಕಟ್ಟುವ ಹೊಸ ಗಡ್ಡೆಯೂ ಗೋಡೆಗೆ ಒತ್ತಿಕೊಂಡು ಸೊಟ್ಟಗಾಗುತ್ತದೆ. ಒಂದೇ ತೋಳಿನ ಗಡ್ಡೆಯಾದರೆ ಮೊನೆಯೇ ಕುಂಡದ ನಡುವಿಗೆ ಬರುವಂತೆ ಇಡಿ. ಕುಂಡ ಕನಿಷ್ಠ 30 ಸೆಂಟಿಮೀಟರ್ ಅಗಲ, ಅಷ್ಟೇ ಆಳ ಇರಲಿ. ಹೊಸ ಗಡ್ಡೆಗಳು ಕೆಳಮುಖವಾಗಿ ಇಳಿಯುವುದರಿಂದ ತಟ್ಟೆಯಂಥ ಕುಂಡ ಕೆಲಸಕ್ಕೆ ಬರುವುದಿಲ್ಲ. ಎರಡು ತೋಳಿನ ಗಡ್ಡೆಯನ್ನು ಮೂಲೆಯಲ್ಲಿ ಕತ್ತರಿಸಿ ಎರಡು ಮಾಡಬಹುದು, ಒಂದೊಂದು ತುಂಡಿಗೂ ಮೊನೆ ಇರಬೇಕು. ಕತ್ತರಿಸಿದ ಮುಖ ಒಣಗುವ ಮೊದಲು ಮಣ್ಣಿಗೆ ಹಾಕಬಾರದು.

ಚೆನ್ನಾಗಿ ಬೆಳೆಯುತ್ತಿದ್ದ ಬಳ್ಳಿ ಎರಡೇ ದಿನದಲ್ಲಿ ಜೋತುಬಿತ್ತು

ಮೊದಲು ಕಾಂಡದ ಬುಡ ನೋಡಿ. ಬಳ್ಳಿ ಉದ್ದವಾದರೂ ನೆಲಮಟ್ಟದಲ್ಲಿ ಕಾಂಡ ಬಹಳ ಪೆಡಸು. ಗಾಳಿಗೆ ತೂಗಾಡಿ, ಕಳೆ ಕೀಳುವಾಗ ಕೈ ತಾಗಿ, ಬೆಕ್ಕು ನಾಯಿ ನುಗ್ಗಿ ಲಟಕ್ಕನೆ ಮುರಿದಿರುತ್ತದೆ, ಮೇಲಿನ ಭಾಗ ಆಸರೆಗೆ ಸುತ್ತಿಕೊಂಡಿರುವುದರಿಂದ ನಿಂತಂತೆಯೇ ಕಾಣುತ್ತದೆ. ಹಾಗೆ ಮುರಿದ ಬಳ್ಳಿ ಸಾಮಾನ್ಯವಾಗಿ ಆ ವರ್ಷ ಮತ್ತೆ ಚಿಗುರುವುದಿಲ್ಲ. ನೀರು ಕಡಿಮೆ ಮಾಡಿ ಗಡ್ಡೆಯನ್ನು ಹಾಗೇ ಬಿಡಿ. ಅಷ್ಟರಲ್ಲಿ ಹೊಸ ಗಡ್ಡೆ ಎಷ್ಟು ಕಟ್ಟಿಕೊಂಡಿತ್ತೋ ಅಷ್ಟು ಉಳಿಯುತ್ತದೆ.

ಬುಡ ಮುರಿದಿಲ್ಲ, ಆದರೆ ಮಣ್ಣಿನ ಮಟ್ಟದಲ್ಲಿ ಕಂದಾಗಿ ಮೆತ್ತಗಿದೆ ಎಂದರೆ ಶಿಲೀಂಧ್ರ. ಸುತ್ತ ಬಿಳಿ ಹತ್ತಿಯಂಥ ಎಳೆ, ಅದರಲ್ಲಿ ಸಾಸಿವೆ ಕಾಳಿನ ಗಾತ್ರದ ಕಂದು ಗುಳಿಗೆಗಳು ಕಂಡರೆ ಅದು ಸ್ಕ್ಲೆರೋಷಿಯಮ್. ಆ ಗುಳಿಗೆಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರುತ್ತವೆ. ಆದ್ದರಿಂದ ಗಿಡವನ್ನೂ ಸುತ್ತಲಿನ ಮೇಲ್ಮಣ್ಣನ್ನೂ ಒಟ್ಟಿಗೆ ತೆಗೆದು ತೋಟದಿಂದ ಹೊರಗೆ ಸಾಗಿಸಬೇಕು. ಕಾಂಪೋಸ್ಟ್ ಗುಂಡಿಗೆ ಹಾಕಿದರೆ ನೀವೇ ಬಿತ್ತನೆ ಮಾಡಿದಂತೆ. ಪಕ್ಕದ ಗಿಡಗಳ ಬುಡಕ್ಕೆ ರೋಗದ ಶಿಲೀಂಧ್ರವನ್ನು ತಡೆಯುವ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರ ಬೆರೆಸಿದ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಕೊಡಬಹುದು. ಟ್ರೈಕೋಡರ್ಮಾ ಹಾಕಿದ ಕಡೆಗೇ ಕಾರ್ಬೆಂಡಜಿಮ್ ಸುರಿಯುವುದರಲ್ಲಿ ಅರ್ಥವಿಲ್ಲ, ಕಾರ್ಬೆಂಡಜಿಮ್ ಟ್ರೈಕೋಡರ್ಮಾವನ್ನೂ ಕೊಲ್ಲುತ್ತದೆ.

ಔಷಧಿ ಯಾವುದೇ ಇರಲಿ, ನೀರು ನಿಲ್ಲುವ ಜಾಗದಲ್ಲಿ ಈ ಗಿಡ ಉಳಿಯುವುದಿಲ್ಲ. ಪರೀಕ್ಷೆ ಸುಲಭ: ಒಂದು ಅಡಿ ಆಳದ ಗುಂಡಿ ತೋಡಿ ನೀರು ತುಂಬಿಸಿ, ಒಮ್ಮೆ ಇಂಗಿದ ಮೇಲೆ ಮತ್ತೆ ತುಂಬಿಸಿ. ಎರಡನೆಯ ಸಲದ ನೀರು ನಾಲ್ಕು ಗಂಟೆಯಾದರೂ ನಿಂತಿದ್ದರೆ 20–25 ಸೆಂಟಿಮೀಟರ್ ಎತ್ತರದ ಏರುಮಡಿ ಮಾಡಿಯೇ ನೆಡಬೇಕು. ಕುಂಡಕ್ಕೆ ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ದಪ್ಪ ಮರಳು, ಒಂದು ಪಾಲು ಎರೆಗೊಬ್ಬರ ಸಾಕು. ಬರೀ ತೆಂಗಿನ ನಾರಿನ ಪುಡಿಯಲ್ಲಿ ನೆಟ್ಟರೆ ಮೇಲೆ ಒಣಗಿದಂತೆ ಕಂಡರೂ ಗಡ್ಡೆಯ ಮಟ್ಟದಲ್ಲಿ ಒದ್ದೆಯೇ ಇರುತ್ತದೆ, ಮಳೆಗಾಲದಲ್ಲಂತೂ ಅದು ಅಪಾಯ. ಕುಂಡದ ಕೆಳಗೆ ತಟ್ಟೆ ಇಟ್ಟಿದ್ದರೆ ತೆಗೆಯಿರಿ.

ಬಳ್ಳಿ ಹತ್ತುತ್ತಿಲ್ಲ, ನೆಲದ ಮೇಲೆ ಹರಡಿಕೊಂಡಿದೆ

ಇದು ಗಿಡದ ದೋಷವಲ್ಲ, ಆಸರೆಯದು. ಗೌರಿ ಹೂವಿನ ಬಳ್ಳಿ ಕಾಂಡದಿಂದ ಸುತ್ತುವುದಿಲ್ಲ, ಎಲೆಯ ತುದಿಯೇ ಸಣ್ಣ ಸುರುಳಿಯಾಗಿ ಹಿಡಿಯುತ್ತದೆ. ಆ ಸುರುಳಿಗೆ ದಪ್ಪ ಬಿದಿರುಗಳು, ಪಿವಿಸಿ ಪೈಪು, ಗೋಡೆ ಯಾವುದೂ ಸಿಗುವುದಿಲ್ಲ. ಪೆನ್ಸಿಲಿಗಿಂತ ತೆಳ್ಳಗಿನ ಕಡ್ಡಿ, ತಂತಿ, ಸೆಣಬಿನ ದಾರ, ಇಲ್ಲವೇ ಒಣ ಪೊದೆಯ ರೆಂಬೆ ಕೊಡಿ. ಕಾಡಿನಲ್ಲಿ ಅದು ಮುಳ್ಳುಪೊದೆಯೊಳಗೆ ನುಸುಳಿಕೊಂಡೇ ಮೇಲೇಳುವುದು. ಆಸರೆಯನ್ನು ಗಡ್ಡೆ ನೆಡುವ ದಿನವೇ ಊರಬೇಕು, ಬಳ್ಳಿ ಎದ್ದ ಮೇಲೆ ಕಡ್ಡಿ ಚುಚ್ಚಿದರೆ ಅದು ಹೊಸ ಗಡ್ಡೆಯ ಮೈಗೇ ಹೋಗುತ್ತದೆ. ಎತ್ತರ 1.5–2 ಮೀಟರ್ ಇರಲಿ.

ಎಲೆ ಸೊಂಪಾಗಿದೆ, ಹೂವೇ ಇಲ್ಲ

ಕಾರಣಗಳನ್ನು ಈ ಕ್ರಮದಲ್ಲೇ ಅನುಮಾನಿಸಿ.

ಮೊದಲನೆಯದು ಗಡ್ಡೆಯ ತೂಕ. 50–60 ಗ್ರಾಂ ತೂಗುವ ಗಡ್ಡೆ ಮೊದಲ ವರ್ಷವೇ ಹೂ ಬಿಡುತ್ತದೆ. 20 ಗ್ರಾಂಗಿಂತ ಕಡಿಮೆಯದು ಸಾಮಾನ್ಯವಾಗಿ ಎಲೆಯನ್ನಷ್ಟೇ ಬಿಟ್ಟು, ಕೆಳಗೆ ತನಗಿಂತ ದೊಡ್ಡ ಗಡ್ಡೆ ಕಟ್ಟಿ ಮಲಗುತ್ತದೆ. ಅದು ಸರಿಯಾದ ದಾರಿಯಲ್ಲೇ ಇದೆ, ಕಾಯಬೇಕಷ್ಟೆ. ನೆಡುವಾಗ ತೂಗಿ ಕುಂಡದ ಮೇಲೆ ಬರೆದಿಟ್ಟಿದ್ದರೆ ಈ ಪ್ರಶ್ನೆಯೇ ಏಳುವುದಿಲ್ಲ. ಬೀಜದಿಂದ ಬೆಳೆಸಿದ ಗಿಡಕ್ಕೆ ಹೂ ಬರಲು ಮೂರು ನಾಲ್ಕು ವರ್ಷ ಹಿಡಿಯುತ್ತದೆ.

ಎರಡನೆಯದು ಬೆಳಕು. ಬುಡಕ್ಕೆ ನೆರಳಿದ್ದರೂ ನಡೆಯುತ್ತದೆ, ತಲೆಗೆ ಬಿಸಿಲು ಬೇಕು. ದಿನಕ್ಕೆ ನಾಲ್ಕೈದು ಗಂಟೆ ನೇರ ಬಿಸಿಲು ಸಿಗದ ಬಾಲ್ಕನಿಯಲ್ಲಿ ಬಳ್ಳಿ ಉದ್ದುದ್ದ ಹೋಗುತ್ತದೆ, ಗೆಣ್ಣುಗಳ ನಡುವಿನ ಅಂತರ ಹೆಚ್ಚುತ್ತದೆ, ಎಲೆ ಬಿಳಿಚಿಕೊಳ್ಳುತ್ತದೆ.

ಮೂರನೆಯದು ಗೊಬ್ಬರ. ಯೂರಿಯಾ, ಹಸಿ ಸಗಣಿ, ಕಡಲೆಹಿಂಡಿ ನೀರು ಎಂದು ಸಾರಜನಕವನ್ನೇ ಸುರಿದರೆ ಎಲೆ ಕಡು ಹಸಿರಾಗಿ ದಪ್ಪವಾಗುತ್ತದೆ, ಮೊಗ್ಗು ಹಿಂದೆ ಬೀಳುತ್ತದೆ. ಕುಡಿ ಒಂದಡಿ ಎದ್ದಾಗಿನಿಂದ ಮೊಗ್ಗು ಕಾಣುವವರೆಗೆ ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವ 19:19:19 ಗೊಬ್ಬರ ಲೀಟರಿಗೆ 2 ಗ್ರಾಂನಂತೆ ಹದಿನೈದು ದಿನಕ್ಕೊಮ್ಮೆ ಕೊಡಿ. ಮೊಗ್ಗು ಕಂಡ ಮೇಲೆ ಅದೇ ಪ್ರಮಾಣದಲ್ಲಿ ಪೊಟ್ಯಾಷ್ ಹೆಚ್ಚಿರುವ 13:0:45. ನೆಲದಲ್ಲಿ ನೆಟ್ಟದ್ದಕ್ಕೆ ಕಳಿತ ಗೊಬ್ಬರವೇ ಬಹುಪಾಲು ಸಾಕಾಗುತ್ತದೆ.

ನಾಲ್ಕನೆಯದು ಕೈಚಳಕ. ಪೊದೆಯಾಗಲಿ ಎಂದು ಕುಡಿ ಚಿವುಟುವ ಅಭ್ಯಾಸ ದಾಸವಾಳಕ್ಕೆ ಸರಿ, ಇದಕ್ಕಲ್ಲ. ಹೂ ಮೂಡುವುದು ಆ ಕುಡಿಯ ಮೇಲ್ಭಾಗದ ಎಲೆಕಂಕುಳಲ್ಲೇ. ಚಿವುಟಿದಿರೋ, ಆ ಕುಡಿಯ ಹೂವನ್ನೇ ಚಿವುಟಿದಂತೆ.

ಮೊಗ್ಗು ಬಂದು ಉದುರುತ್ತಿದ್ದರೆ ನೀರಿನ ಏರುಪೇರು ನೋಡಿ. ಮಳೆ ಬಿಡುವು ಕೊಟ್ಟ ವಾರದಲ್ಲಿ ಕುಂಡ ಪೂರ್ತಿ ಒಣಗಿ ಮತ್ತೆ ಧಾರಾಳ ನೀರು ಬಿದ್ದರೆ ಹೀಗಾಗುತ್ತದೆ. ಮೇಲಿನ 3–4 ಸೆಂಟಿಮೀಟರ್ ಮಣ್ಣು ಒಣಗಿದಾಗ ನೀರು, ಅದಕ್ಕೂ ಮೊದಲು ಬೇಡ. ಮೊಗ್ಗಿನ ಮೇಲೆ ಬೆಳ್ಳಿಬಣ್ಣದ ಗೀರು, ಸೊಟ್ಟಗಾದ ತುದಿ ಕಂಡರೆ ಥ್ರಿಪ್ಸ್ ಎಂಬ ರಸ ಹೀರುವ ಸಣ್ಣ ಕೀಟ. ಬಿಳಿ ಹಾಳೆಯ ಮೇಲೆ ಮೊಗ್ಗನ್ನು ತಟ್ಟಿ, ಕೂದಲೆಳೆಯಂಥ ಹುಳುಗಳು ಓಡಾಡಿದರೆ ಖಚಿತ. ಲೀಟರಿಗೆ 5 ಮಿಲಿ ಬೇವಿನ ಎಣ್ಣೆಯನ್ನು ಒಂದೆರಡು ಹನಿ ದ್ರವಸೋಪಿನಲ್ಲಿ ಕದಡಿ, ಸಂಜೆ, ವಾರಕ್ಕೊಮ್ಮೆ, ಮೂರು ಸಲ ಸಿಂಪಡಿಸಿ.

ಎಲೆ ರಾತ್ರೋರಾತ್ರಿ ಮಾಯ

ಇಷ್ಟು ವಿಷದ ಗಿಡಕ್ಕೆ ಹುಳು ಎಲ್ಲಿಂದ ಎಂದುಕೊಳ್ಳಬೇಡಿ. ಪಾಲಿಟೆಲಾ ಗ್ಲೋರಿಯೋಸೆ ಎಂಬ ಪತಂಗದ ಹೆಸರಿನಲ್ಲೇ ಈ ಗಿಡ ಇದೆ. ಕಪ್ಪು ಮೈಯ ಮೇಲೆ ಬಿಳಿ ಚುಕ್ಕೆ, ಕೆಂಪು ಕಲೆಗಳಿರುವ ಅದರ ಮರಿಹುಳುಗಳು ಗುಂಪಾಗಿ ಮೇಯುತ್ತವೆ, ಎಲೆ ಮುಗಿದರೆ ಮೊಗ್ಗು, ಅದೂ ಮುಗಿದರೆ ಎಳೆ ಕಾಂಡ. ತೋಟದಲ್ಲಿ ಲಿಲ್ಲಿ ಜಾತಿಯ ಬೇರೆ ಗಿಡಗಳಿದ್ದರೆ ಹುಳು ಅಲ್ಲಿಂದಲೂ ಬರುತ್ತದೆ, ಅವನ್ನೂ ನೋಡಬೇಕು. ಹತ್ತಿಪ್ಪತ್ತು ಗಿಡವಿರುವವರಿಗೆ ಔಷಧಿಗಿಂತ ಕೈಯೇ ಮೇಲು: ದಿನ ಬಿಟ್ಟು ದಿನ ಎಲೆಯ ಅಡಿಭಾಗ ತಿರುಗಿಸಿ, ಮೊಟ್ಟೆಯ ಗುಂಪು ಕಂಡ ಎಲೆಯನ್ನು ಕಿತ್ತು ಸೋಪಿನ ನೀರಿಗೆ ಹಾಕಿ. ಹುಳು ಸಣ್ಣದಿರುವಾಗ ಬಿಟಿ (ಮರಿಹುಳು ಕೊಲ್ಲುವ ಬ್ಯಾಕ್ಟೀರಿಯಾ) ಪುಡಿ ಸಿಂಪಡಣೆ ಕೆಲಸ ಮಾಡುತ್ತದೆ, ಬೆರಳುದ್ದ ಬೆಳೆದ ಮೇಲೆ ಮಾಡುವುದಿಲ್ಲ. ಅದು ಕೋಶ ಕಟ್ಟುವುದು ಮಣ್ಣಿನಲ್ಲಾದ್ದರಿಂದ ಬಳ್ಳಿ ಒಣಗಿದ ಮೇಲೆ ಮೇಲ್ಮಣ್ಣನ್ನು ಎರಡು ಬೆರಳು ಆಳಕ್ಕೆ ಕೆದಕಿ ಬಿಸಿಲಿಗೆ ಒಡ್ಡಿ.

ಎಲೆಯ ಮೇಲೆ ಕಲೆ, ಹಳದಿ

ಉಂಗುರ ಉಂಗುರವಾಗಿ ಹರಡುವ ಕಂದು ಕಲೆ, ಮೋಡ ಮುಸುಕಿದ ವಾರಗಳಲ್ಲಿ ಕೆಳಗಿನ ಎಲೆಯಿಂದ ಮೇಲಕ್ಕೆ ಏರುತ್ತಿದ್ದರೆ ಎಲೆ ಅಂಗಮಾರಿ. ಆಲ್ಟರ್ನೇರಿಯಾ, ಕರ್ವುಲೇರಿಯಾ ಎಂಬ ಶಿಲೀಂಧ್ರಗಳ ಕೆಲಸ ಇದು. ಕಲೆಯಾದ ಎಲೆ ತೆಗೆದು, ಮ್ಯಾಂಕೋಜೆಬ್ ಎಂಬ ಶಿಲೀಂಧ್ರನಾಶಕವನ್ನು ಲೀಟರಿಗೆ 2.5 ಗ್ರಾಂ ಬೆರೆಸಿ ಎಲೆಯ ಎರಡೂ ಬದಿಗೆ ತಾಗುವಂತೆ ಸಿಂಪಡಿಸಿ, ಹತ್ತು ಹನ್ನೆರಡು ದಿನ ಬಿಟ್ಟು ಮತ್ತೊಮ್ಮೆ. ಗಿಡದಿಂದ ಗಿಡಕ್ಕೆ 45 ಸೆಂಟಿಮೀಟರ್ ಅಂತರ ಇದ್ದರೆ ಗಾಳಿಯಾಡಿ ಇದರ ಹಾವಳಿ ಕಡಿಮೆ.

ಹೊಸ ಎಲೆ ಹಳದಿ, ನರ ಮಾತ್ರ ಹಸಿರು: ಕಬ್ಬಿಣ ಸಿಗುತ್ತಿಲ್ಲ. ಮಣ್ಣಿನ ರಸಸಾರ (ಪಿಎಚ್) 6ರಿಂದ 7ರ ನಡುವೆ ಇರಬೇಕು. ಸುಣ್ಣದ ಅಂಶ ಹೆಚ್ಚಿರುವ ಮಣ್ಣು ಅಥವಾ ಗಡಸು ನೀರಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ದಕ್ಕುವುದಿಲ್ಲ. ಕೀಲೇಟೆಡ್ ಕಬ್ಬಿಣ, ಅಂದರೆ ಗಿಡ ಸುಲಭವಾಗಿ ಹೀರಿಕೊಳ್ಳುವ ರೂಪದ ಕಬ್ಬಿಣ, ಲೀಟರಿಗೆ ಅರ್ಧ ಗ್ರಾಂನಂತೆ ಎಲೆಗೆ ಕೊಟ್ಟರೆ ಹೊಸ ಚಿಗುರು ಹಸಿರಾಗುತ್ತದೆ. ಕೆಳಗಿನ ಹಳೆಯ ಎಲೆಗಳು ಮಾತ್ರ ಹಳದಿಯಾಗಿ ಮಣ್ಣು ಸದಾ ಒದ್ದೆಯಿದ್ದರೆ ಗಡ್ಡೆ ಕೊಳೆಯುವ ಮುನ್ಸೂಚನೆ, ಮೇಲಿನ ಭಾಗವನ್ನು ಮತ್ತೆ ಓದಿ. ಇಡೀ ಗಿಡ ಒಟ್ಟಿಗೆ ಹಳದಿಯಾಗಿ ಕಾಯಿ ಬಲಿತಿದ್ದರೆ ಋತು ಮುಗಿಯಿತು.

ಹೂವಿನ ಬಣ್ಣ ದಿನಕ್ಕೊಂದು

ದೋಷವಿಲ್ಲ. ಹಸಿರು ಹಳದಿಯಾಗಿ ಅರಳಿ, ಕಿತ್ತಳೆಗೆ ತಿರುಗಿ, ಕೊನೆಗೆ ಕಡುಗೆಂಪಾಗುವುದೇ ಅದರ ರೀತಿ. ಕೊನೆಯವರೆಗೂ ಹಳದಿಯಾಗಿಯೇ ಉಳಿಯುವ ಲೂಟಿಯಾ ಎಂಬ ತಳಿಯೂ ಇದೆ.

ಹೂ ಬಿಟ್ಟರೂ ಕಾಯಿ ಕಚ್ಚುತ್ತಿಲ್ಲ

ಹೂವನ್ನು ಹತ್ತಿರದಿಂದ ನೋಡಿದರೆ ಕಾರಣ ಅಲ್ಲೇ ಇದೆ. ಅಂಡಾಶಯದ ತುದಿಯಲ್ಲೇ ಶಲಾಕೆ (ಪರಾಗ ಸ್ವೀಕರಿಸುವ ಹೆಣ್ಣು ಭಾಗದ ಕಡ್ಡಿ) ಲಂಬಕೋನದಲ್ಲಿ ಪಕ್ಕಕ್ಕೆ ಬಾಗಿ, ಕೇಸರಗಳಿಂದ ದೂರ ಚಾಚಿಕೊಂಡಿರುತ್ತದೆ. ತನ್ನ ಪರಾಗ ತನಗೇ ತಾಗದಿರಲಿ ಎಂಬ ಏರ್ಪಾಡು ಇದು. ಚಿಟ್ಟೆ, ಸೂರಕ್ಕಿ ಬಾರದ ಮಹಡಿಯ ಮೇಲೆ ಹೂ ಬಾಡಿ ಬೀಳುವುದೇ ಹೆಚ್ಚು. ತಮಿಳುನಾಡಿನಲ್ಲಿ ಬೀಜಕ್ಕೆಂದು ಇದನ್ನು ಬೆಳೆಯುವ ರೈತರೂ ಕೈಯಿಂದಲೇ ಪರಾಗ ಮುಟ್ಟಿಸುತ್ತಾರೆ. ಬೆಳಗಿನ ಹೊತ್ತು, ಎಸಳು ಹಿಂದಕ್ಕೆ ಮಡಚಿ ಪರಾಗಕೋಶ ಒಡೆದ ಮೇಲೆ, ಮೆತ್ತನೆಯ ಕುಂಚಕ್ಕೆ ಹಳದಿ ಪುಡಿ ಹತ್ತಿಸಿಕೊಂಡು ಇನ್ನೊಂದು ಗಿಡದ ಹೂವಿನ ಶಲಾಕೆಯ ತುದಿಗೆ ಸವರಿ. ತುದಿ ಮೂರು ಕವಲಾಗಿರುತ್ತದೆ, ಮೂರಕ್ಕೂ ತಾಗಬೇಕು. ಮಳೆ ಬಂದು ತೊಳೆದರೆ ಮಾರನೆಯ ದಿನ ಮತ್ತೆ ಸವರಿ.

ಬೀಜ ಬೇಡ, ದಪ್ಪ ಗಡ್ಡೆ ಬೇಕು ಎನ್ನುವವರು ಬಾಡಿದ ಹೂವನ್ನು ಕಾಯಿ ಕಟ್ಟುವ ಮೊದಲೇ ಚಿವುಟಿ ತೆಗೆಯಲಿ, ಎಲೆಗೆ ಮಾತ್ರ ಕೈ ಹಾಕದಿರಲಿ. ಬೀಜ ಬಿತ್ತಿ ತಿಂಗಳಾದರೂ ಮೊಳೆಯಲಿಲ್ಲವೆಂದು ಕುಂಡ ಸುರಿಯಬೇಡಿ. ಮೂರು ವಾರದಿಂದ ಮೂರು ತಿಂಗಳವರೆಗೂ ಹಿಡಿಯಬಹುದು, ಒಂದೇ ಕಾಯಿಯ ಬೀಜಗಳೂ ಒಟ್ಟಿಗೆ ಏಳುವುದಿಲ್ಲ.

ಬಳ್ಳಿ ಒಣಗಿದ ಮೇಲೆ

ಮುಂದಿನ ವರ್ಷದ ದೂರುಗಳು ಹುಟ್ಟುವ ಕಾಲ ಇದು. ಎಲೆ ಹಳದಿಯಾಗತೊಡಗಿದಾಗ ನೀರು ಕಡಿಮೆ ಮಾಡುತ್ತ ಬನ್ನಿ, ಪೂರ್ತಿ ಒಣಗಿದ ಮೇಲೆ ನಿಲ್ಲಿಸಿ. ಅರೆಹಸಿರು ಬಳ್ಳಿಯನ್ನು ಅಂದಗೆಡುತ್ತದೆಂದು ಕತ್ತರಿಸಿದರೆ ಗಡ್ಡೆಗೆ ಇಳಿಯಬೇಕಾದ ಆಹಾರ ಕಸದ ಬುಟ್ಟಿಗೆ ಹೋಗುತ್ತದೆ. ಕಾಂಡ ತಾನಾಗಿ ಬುಡದಿಂದ ಕಳಚುವವರೆಗೆ ಕಾಯಿರಿ.

ನೀರು ನಿಲ್ಲದ ಮಣ್ಣಾಗಿದ್ದರೆ ಗಡ್ಡೆಯನ್ನು ಅಲ್ಲೇ ಬಿಡುವುದು ಒಳ್ಳೆಯದು, ಕಿತ್ತಷ್ಟೂ ಮೊನೆ ಮುರಿಯುವ ಅಪಾಯ. ಬೇಸಿಗೆಯಲ್ಲೂ ಪಕ್ಕದ ಗಿಡಗಳಿಗೆ ದಿನಾ ನೀರು ಹೋಗುವ ಜಾಗವಾದರೆ ಮಾತ್ರ ಕೀಳಬೇಕು. ಆಗ ಕಾಂಡದಿಂದ ಒಂದಡಿ ದೂರಕ್ಕೆ ಗುದ್ದಲಿ ಹಾಕಿ ಮಣ್ಣಿನ ಹೆಂಟೆ ಸಮೇತ ಎತ್ತಿ, ಕೈಯಲ್ಲಿ ಪುಡಿ ಮಾಡಿ ಗಡ್ಡೆ ಬಿಡಿಸಿ. ತೊಳೆಯಬೇಡಿ. ನೆರಳಿನಲ್ಲಿ ಒಂದು ವಾರ ಒಣಗಿಸಿ, ಒಣ ಮರಳು ತುಂಬಿದ ರಟ್ಟಿನ ಪೆಟ್ಟಿಗೆಯಲ್ಲಿ ಒಂದಕ್ಕೊಂದು ತಾಗದಂತೆ ಮಲಗಿಸಿ. ಪ್ಲಾಸ್ಟಿಕ್ ಚೀಲ, ಮುಚ್ಚಿದ ಡಬ್ಬ, ಫ್ರಿಜ್ ಯಾವುದೂ ಆಗದು. ಪೆಟ್ಟಿಗೆಯ ಮೇಲೆ ವಿಷ ಎಂದು ದಪ್ಪಕ್ಷರದಲ್ಲಿ ಬರೆದು, ಮಕ್ಕಳ ಕೈಗೆ ಎಟುಕದ ಕಡೆ ಇಡಿ. ತಿಂಗಳಿಗೊಮ್ಮೆ ತೆಗೆದು ಒತ್ತಿ ನೋಡಿ, ಮೆತ್ತಗಾದದ್ದನ್ನು ಬೇರೆ ಮಾಡಿ. ಮೇ ಕೊನೆಯಲ್ಲಿ ಮೊನೆ ಉಬ್ಬಿ ಹಸಿರು ಗುಲಾಬಿ ಬಣ್ಣ ತಾಳಿದರೆ ಮಳೆಗೆ ಕಾಯದೆ ನೆಡಿ. ಕುಡಿ ಪೆಟ್ಟಿಗೆಯಲ್ಲೇ ಒಂದು ಇಂಚು ಬೆಳೆದುಬಿಟ್ಟರೆ ನೆಡುವಾಗ ಅದನ್ನು ಉಳಿಸಿಕೊಳ್ಳುವುದು ಕಷ್ಟ.